ಸಮುದ್ರಕ್ಕೂ ಒಂದು ಕೋಡಿ ಇದೆ

ಡಿಸೆಂಬರ್ ಬಂದರೆ ನಮ್ಮ ಕಡೆ ಟೆಂಪೊ ಟ್ರಾವೆಲರ್ ಸಿಗುವುದೇ ಕಷ್ಟ. ಶಾಲೆಯ ಪ್ರವಾಸ, ಅಯ್ಯಪ್ಪನ ಯಾತ್ರೆ, ವರ್ಷದ ಕೊನೆಯ ರಜೆ ಎಲ್ಲ ಒಟ್ಟಿಗೆ ಬರುತ್ತವೆ. ದಾವಣಗೆರೆಯಲ್ಲಿ ರಾತ್ರಿ ಊಟ ಮುಗಿಸಿ ಹೊರಟವರು ಹಾವೇರಿ, ಶಿರಸಿ ದಾಟಿ ಬೆಳಗಿನ ಜಾವ ಗೋಕರ್ಣ ಸೇರುತ್ತಾರೆ. ಚಿತ್ರದುರ್ಗದವರು ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿದು ಮುರ್ಡೇಶ್ವರಕ್ಕೆ ಹೋಗುತ್ತಾರೆ. ಗಾಡಿ ನಿಂತು ಐದು ನಿಮಿಷ ಆಗಿರುವುದಿಲ್ಲ, ಅರ್ಧ ಜನ ಆಗಲೇ ನೀರಿನಲ್ಲಿರುತ್ತಾರೆ. ರಾತ್ರಿಯಿಡೀ ಕೂತು ಬಂದ ಮಕ್ಕಳನ್ನು ಹಿಡಿದು ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುರ್ಡೇಶ್ವರದ ನೀರಿನಲ್ಲಿ ತೀರಿಕೊಂಡರು. ಅವರೂ ನಮ್ಮ ಮಕ್ಕಳ ಹಾಗೆ ಕೆರೆ, ಬಾವಿ ನೋಡಿ ಬೆಳೆದ ಬಯಲುಸೀಮೆಯ ಮಕ್ಕಳು. ಅದಾದ ಮೇಲೆ ಪ್ರವಾಸದ ಒಪ್ಪಿಗೆ ಚೀಟಿಗೆ ಸಹಿ ಹಾಕುವಾಗ ನಮ್ಮಲ್ಲಿ ಎಷ್ಟೋ ಅಪ್ಪ ಅಮ್ಮಂದಿರ ಕೈ ತಡೆಯುತ್ತದೆ. "ಸಮುದ್ರ ಎಳ್ಕೊಂಡು ಹೋಯ್ತು" ಅನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಸಮುದ್ರ ಹೇಗೆ ಎಳೆಯುತ್ತದೆ? ದಡದ ಕಡೆಗೆ ಬರುವ ಅಲೆ ಮನುಷ್ಯನನ್ನು ದಡಕ್ಕೇ ತಳ್ಳಬೇಕಲ್ಲ, ಒಳಕ್ಕೆ ಯಾಕೆ ಒಯ್ಯುತ್ತದೆ?

ಕೆರೆಯ ಕೋಡಿ ನೋಡಿದವರಿಗೆ ಇದು ಅರ್ಥವಾಗದ ವಿಷಯವೇನಲ್ಲ.

ಅಲೆ ಬರುತ್ತದೆ, ನೀರು ಬರುವುದಿಲ್ಲ

ಭದ್ರಾ ನಾಲೆಯ ಬಯಲಲ್ಲಿ ಭತ್ತ ತೆನೆ ಬಿಟ್ಟ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ಗಾಳಿ ಬೀಸಿದಾಗ ಈ ತುದಿಯಿಂದ ಆ ತುದಿಗೆ ಅಲೆ ಓಡುತ್ತದೆ. ಆದರೆ ಭತ್ತದ ಒಂದು ಕಡ್ಡಿಯೂ ಜಾಗ ಬಿಟ್ಟು ಹೋಗಿರುವುದಿಲ್ಲ. ಪ್ರತಿ ತೆನೆ ಬಾಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಓಡಿದ್ದು ಗಾಳಿ ಕೊಟ್ಟ ಬಲ ಮಾತ್ರ.

ನಡುಸಮುದ್ರದ ಅಲೆಯೂ ಹೀಗೇ. ನೀರು ಇದ್ದಲ್ಲೇ ಏರಿ, ಸುತ್ತಿ, ಇಳಿಯುತ್ತದೆ. ಅಲ್ಲಿ ಕೂತ ಹಕ್ಕಿ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಅಲೆಯ ಜೊತೆ ದಡಕ್ಕೆ ಬರುವುದಿಲ್ಲ.

ದಡ ಹತ್ತಿರವಾದಾಗ ಲೆಕ್ಕ ಬೇರೆ. ಆಳ ಕಮ್ಮಿಯಾದಂತೆ ಅಲೆಯ ಬುಡಕ್ಕೆ ನೆಲ ಅಡ್ಡಬರುತ್ತದೆ, ಬುಡ ನಿಧಾನವಾಗುತ್ತದೆ. ತಲೆ ಮಾತ್ರ ಅದೇ ವೇಗದಲ್ಲಿ ಬರುತ್ತಿರುತ್ತದೆ. ಓಡುವವನ ಕಾಲಿಗೆ ಕಲ್ಲು ಎಡವಿದರೆ ಮುಗ್ಗರಿಸುತ್ತಾನಲ್ಲ, ಹಾಗೆ ಅಲೆ ಮುಂದಕ್ಕೆ ಬಿದ್ದು ಬಿಳಿ ನೊರೆಯಾಗುತ್ತದೆ. ಇದೇ ಅಲೆ ಒಡೆಯುವುದು. ಒಡೆದ ಮೇಲೆ ಮಾತ್ರ ನೀರು ನಿಜಕ್ಕೂ ದಡದ ಕಡೆ ನುಗ್ಗುತ್ತದೆ.

ಆ ನೀರಿನ ಭಾರ ಎಷ್ಟು ಗೊತ್ತಾ? ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ಅದರ ನೀರೇ ಒಂದು ಟನ್ ತೂಗುತ್ತದೆ. ಸೊಂಟದವರೆಗಿನ ಒಂದು ಅಲೆಯಲ್ಲಿ ಅಂಥ ಎಷ್ಟೋ ಟ್ಯಾಂಕ್ ನೀರು ಒಟ್ಟಿಗೆ ಬರುತ್ತದೆ. ಗಟ್ಟಿಮುಟ್ಟಾದ ಆಳೂ ಅದರ ಮುಂದೆ ಕಾಲು ಊರಿ ನಿಲ್ಲಲಾರ.

ಕಡಲಿನ ಕೋಡಿ

ಈಗ ನಮ್ಮ ಕೆರೆಗೆ ಬರೋಣ. ಏರಿ ಇದೆ, ಒಳಗೆ ನೀರು ತುಂಬುತ್ತಾ ಹೋಗುತ್ತದೆ. ತುಂಬಿದ ಮೇಲೆ ನೀರು ಏರಿಯ ಉದ್ದಕ್ಕೂ ಚೆಲ್ಲುವುದಿಲ್ಲ. ಎಲ್ಲಿ ತಗ್ಗಾಗಿ ಕೋಡಿ ಬಿಟ್ಟಿದ್ದಾರೋ ಅಲ್ಲಿಂದ ಮಾತ್ರ ಹೊರಗೆ ಧುಮುಕುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 89 ವರ್ಷದ ನಂತರ, 2022ರಲ್ಲಿ. ನೋಡಲು ಜನ ಜಾತ್ರೆಯ ಹಾಗೆ ಹೋದರು. ಹೋದವರಿಗೆ ನೆನಪಿರಬಹುದು. ಜಲಾಶಯದ ನಡುವೆ ನೀರು ಕದಲುವುದೇ ಕಾಣುತ್ತಿರಲಿಲ್ಲ, ಕೋಡಿಯಲ್ಲಿ ಮಾತ್ರ ಅದೇ ನೀರು ಭೋರ್ಗರೆಯುತ್ತಿತ್ತು. ಅಷ್ಟು ದೊಡ್ಡ ನೀರಿಗೆ ದಾರಿ ಸಣ್ಣದಾದರೆ ವೇಗ ಜಾಸ್ತಿಯಾಗಲೇಬೇಕು.

ಮರಳು ದಂಡೆಯ ಬೀಚಿನಲ್ಲೂ ಇಂಥದೇ ಏರಿ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ದಡಕ್ಕೆ ಸಮನಾಗಿ ಮರಳಿನ ದಿಣ್ಣೆ ಹಬ್ಬಿರುತ್ತದೆ. ಅಲೆಗಳು ಈ ದಿಣ್ಣೆಯ ಮೇಲೆ ಒಡೆದು, ಅದನ್ನು ದಾಟಿ, ದಡ ಮತ್ತು ದಿಣ್ಣೆಯ ನಡುವಿನ ತಗ್ಗಿಗೆ ನೀರು ಸುರಿಯುತ್ತಲೇ ಇರುತ್ತವೆ. ಒಂದರ ಹಿಂದೆ ಒಂದು, ಬಿಡುವಿಲ್ಲದೆ. ಹೀಗೆ ತುಂಬಿದ ನೀರು ವಾಪಸ್ ಹೋಗಬೇಕು ಅಲ್ವಾ? ಎದುರಿನಿಂದ ಅಲೆ ನುಗ್ಗುತ್ತಿರುವಾಗ ದಿಣ್ಣೆಯ ಮೇಲೆ ಹಾದು ಹೋಗುವುದು ಕಷ್ಟ. ಆಗ ನೀರು ದಡದ ಉದ್ದಕ್ಕೆ ಪಕ್ಕಕ್ಕೆ ಹರಿದು, ದಿಣ್ಣೆ ಎಲ್ಲಿ ಮುರಿದಿದೆಯೋ ಆ ಸಂದಿಯನ್ನು ಹುಡುಕಿಕೊಂಡು, ಅಲ್ಲಿಂದ ಸಮುದ್ರದ ಕಡೆಗೆ ಹರಿದುಬಿಡುತ್ತದೆ.

ಅದೇ ಕಡಲಿನ ಕೋಡಿ. ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಎಂದು ಹೆಸರು. ನಾನಿಲ್ಲಿ ಸೆಳವು ಅನ್ನುತ್ತೇನೆ.

ಇದನ್ನು ಸುಳಿ ಎಂದು ಕರೆಯುವವರಿದ್ದಾರೆ. ಆ ಹೆಸರು ಸರಿಯಲ್ಲ, ಯಾಕೆಂದರೆ ತಪ್ಪು ಹೆಸರಿನಿಂದ ತಪ್ಪು ಭಯ ಹುಟ್ಟುತ್ತದೆ. ಸುಳಿ ತಿರುಗಿಸಿ ಕೆಳಕ್ಕೆ ಒಯ್ಯುತ್ತದೆ. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ತೇಲುವ ಮನುಷ್ಯ ಸೆಳವಿನಲ್ಲಿಯೂ ತೇಲುತ್ತಲೇ ಇರುತ್ತಾನೆ. ಈ ಒಂದು ಮಾತು ತಲೆಯಲ್ಲಿ ಇದ್ದರೆ ಜೀವ ಉಳಿಯಬಹುದು.

ಸೆಳವಿನ ಅಗಲ ಸಾಮಾನ್ಯವಾಗಿ ತುಂಬಾ ಜಾಸ್ತಿ ಇರುವುದಿಲ್ಲ. ಒಂದೋ ಎರಡೋ ಬಸ್ಸನ್ನು ಉದ್ದಕ್ಕೆ ನಿಲ್ಲಿಸಿದಷ್ಟು ಅನ್ನಿ. ಉದ್ದವೂ ಅಷ್ಟೇ, ಹೆಚ್ಚಿನ ಸಲ ಅಲೆ ಒಡೆಯುವ ಜಾಗ ದಾಟಿದ ಕೂಡಲೇ ಅದರ ಬಲ ಇಳಿಯುತ್ತದೆ. ವೇಗದ್ದೇ ತೊಂದರೆ. ಸೆಕೆಂಡಿಗೆ ಅರ್ಧ ಮೀಟರ್ ಎಳೆದರೂ ಒಂದು ನಿಮಿಷದಲ್ಲಿ 30 ಮೀಟರ್ ದೂರ ಹೋಗಿರುತ್ತೀರಿ. ಜೋರಾದ ಸೆಳವು ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್ ಈಜುಗಾರರು 50 ಮೀಟರ್ ದೂರವನ್ನು ಸುಮಾರು 21 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಅಂಥವರೂ ಎದುರು ಈಜಿ ಗೆಲ್ಲುವುದು ಕಷ್ಟ ಅಂದಮೇಲೆ ನಾವು ಯಾವ ಲೆಕ್ಕ.

ಮರಳಿನ ದಿಣ್ಣೆ ಇದ್ದಲ್ಲೇ ಇರುವುದಿಲ್ಲ. ಹೋದ ವರ್ಷ ಸೆಳವಿದ್ದ ಜಾಗದಲ್ಲಿ ಈ ವರ್ಷ ಇಲ್ಲದಿರಬಹುದು, ಇಲ್ಲದಿದ್ದಲ್ಲಿ ಬಂದಿರಬಹುದು. "ನಾವು ಪ್ರತಿ ವರ್ಷ ಇಲ್ಲೇ ಇಳಿಯೋದು" ಅನ್ನುವ ಧೈರ್ಯಕ್ಕೆ ಬೆಲೆಯಿಲ್ಲ. ಬಂಡೆಗಳ ಪಕ್ಕದ ಸೆಳವು ಮಾತ್ರ ಜಾಗ ಬಿಡುವುದು ಕಡಿಮೆ, ಯಾಕೆಂದರೆ ಬಂಡೆ ಕದಲುವುದಿಲ್ಲ. ದಡದ ಉದ್ದಕ್ಕೆ ಬಂದ ನೀರು ಬಂಡೆಗೆ ಬಡಿದು ಹೊರಕ್ಕೆ ತಿರುಗುತ್ತದೆ. ಗೋಕರ್ಣದ ಕುಡ್ಲೆ, ಓಂ ಬೀಚಿನಂತೆ ತುದಿಗಳಲ್ಲಿ ಬಂಡೆ ಇರುವ ಕಡೆ ಫೋಟೊಗೆಂದು ಬಂಡೆಯ ಪಕ್ಕದ ನೀರಿಗೇ ಇಳಿಯುವವರು ಇದನ್ನು ನೆನಪಿಡಬೇಕು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರವೂ ಇದೇ ಅಪಾಯ. ಹೊನ್ನಾವರದಲ್ಲಿ ಶರಾವತಿ, ಕುಮಟಾದ ಹತ್ತಿರ ಅಘನಾಶಿನಿ ಸಮುದ್ರ ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಹೊರಕ್ಕೆ ಜೋರಾಗಿ ಓಡುತ್ತದೆ.

ಶಾಂತವಾಗಿ ಕಾಣುವ ಜಾಗವೇ ಅಪಾಯದ ಜಾಗ

ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ದಿಣ್ಣೆ ಇರುವ ಕಡೆ ಆಳ ಕಮ್ಮಿ, ಅಲ್ಲಿ ಅಲೆ ಒಡೆಯುತ್ತದೆ, ಬಿಳಿ ನೊರೆ, ಸದ್ದು. ದಿಣ್ಣೆ ಮುರಿದ ಸಂದಿಯಲ್ಲಿ ಆಳ ಜಾಸ್ತಿ, ಅಲೆ ಅಷ್ಟಾಗಿ ಒಡೆಯುವುದಿಲ್ಲ. ದಡದಿಂದ ನೋಡಿದರೆ ಎರಡು ಬಿಳಿ ಪಟ್ಟಿಗಳ ನಡುವೆ ತುಸು ಕಪ್ಪಾದ, ಸಮತಟ್ಟಾದ ಒಂದು ಓಣಿ ಕಾಣುತ್ತದೆ.

ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದ ತಾಯಿ ಯಾವ ಜಾಗ ಆರಿಸುತ್ತಾಳೆ ಹೇಳಿ? ಅಲೆ ಕಡಿಮೆ ಇರುವ ಆ ಓಣಿಯನ್ನೇ. ಕೆರೆ, ಹೊಂಡ ನೋಡಿ ಬೆಳೆದ ಕಣ್ಣಿಗೆ ಸದ್ದಿಲ್ಲದ ನೀರು ಅಂದರೆ ಒಳ್ಳೆಯ ನೀರು. ಆಕೆಯ ಲೆಕ್ಕ ನಮ್ಮೂರಿನ ನೀರಿಗೆ ಸರಿ, ಸಮುದ್ರಕ್ಕೆ ತಿರುಗುಮುರುಗು.

ಗುರುತಿಸುವುದು ಹೇಗೆ? ಗಾಡಿಯಿಂದ ಇಳಿದ ಮೇಲೆ ನೀರಿಗೆ ಹೋಗುವ ಮೊದಲು ಸ್ವಲ್ಪ ಎತ್ತರದ ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಅಲೆಗಳ ಬಿಳಿ ಸಾಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ತುಂಡಾಗುತ್ತಿದೆಯೇ? ನೊರೆ, ಎಲೆ, ಕಸ ದಡಕ್ಕೆ ಬರುವ ಬದಲು ಒಳಗೆ ಹೋಗುತ್ತಿವೆಯೇ? ಒಂದು ಪಟ್ಟಿಯ ನೀರು ಮಾತ್ರ ಮರಳು ಕದಡಿ ಕೆಂಪಗೆ ಅಥವಾ ಬೇರೆ ಬಣ್ಣದಲ್ಲಿ ಹೊರಕ್ಕೆ ಚಾಚಿದೆಯೇ? ಇದರಲ್ಲಿ ಒಂದು ಕಂಡರೂ ಆ ಜಾಗ ಬಿಡಿ. ಏನೂ ಕಾಣಲಿಲ್ಲ ಎಂದರೆ ಸೆಳವಿಲ್ಲ ಎಂದು ಅರ್ಥವಲ್ಲ. ಪಳಗಿದ ಕಣ್ಣಿಗೂ ಕೆಲವೊಮ್ಮೆ ಅದು ತಪ್ಪಿಹೋಗುತ್ತದೆ.

ಇನ್ನು ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರುವುದು. ಅದು ಸೆಳವಲ್ಲ, ಇಳಿಜಾರು ದಡದ ಮೇಲೆ ಏರಿದ ನೀರು ವಾಪಸ್ ಓಡುವುದು. ದೊಡ್ಡವರಿಗೆ ಕಚಗುಳಿ, ಆದರೆ ಮೂರು ನಾಲ್ಕು ವರ್ಷದ ಮಗುವನ್ನು ಕೆಡವಿ ಮುಂದಿನ ಅಲೆಯ ಬಾಯಿಗೆ ಹಾಕಲು ಅಷ್ಟು ಸಾಕು. ಮಗುವಿನ ಕೈ ಬಿಡಬೇಡಿ.

"ನನಗೆ ಈಜು ಬರುತ್ತೆ"

ನಾನು ಈಜು ಕಲಿತಿದ್ದು ಭದ್ರಾ ನಾಲೆಯಲ್ಲಿ. ಸೇತುವೆ ಮೇಲಿಂದ ಧುಮುಕುತ್ತಿದ್ದೆವು. ನೀರು ಒಯ್ದತ್ತ ಒಂದಿಷ್ಟು ದೂರ ತೇಲಿ, ಓರೆಯಾಗಿ ಈಜಿ, ಕೆಳಗಿನ ಮೆಟ್ಟಿಲ ಹತ್ತಿರ ಹತ್ತುತ್ತಿದ್ದೆವು. ಸೇತುವೆಯ ಕಡೆಗೆ ಎದುರು ಈಜುವ ಪ್ರಯತ್ನವನ್ನು ಯಾರೂ ಮಾಡುತ್ತಿರಲಿಲ್ಲ. ಅದು ಆಗದ ಕೆಲಸ ಎಂದು ಹತ್ತು ವರ್ಷದ ಹುಡುಗರಿಗೂ ಗೊತ್ತಿತ್ತು. (ನಾಲೆಯೂ ಜನರನ್ನು ನುಂಗಿದೆ. ಅದನ್ನು ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ.)

ಅದೇ ನಾನು ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡದ ಒಂದು ಬೀಚಿನಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದವನು, ನೋಡುನೋಡುತ್ತಲೇ ಕಾಲಿಗೆ ನೆಲ ಸಿಗದ ಕಡೆ ಇದ್ದೆ. ಎದುರಿಗೆ ದಡ ಕಾಣುತ್ತಿತ್ತು. ಅಕ್ಕನ ಮಕ್ಕಳು ಕೈ ಬೀಸುತ್ತಿದ್ದರು. ನಾನು ನೇರವಾಗಿ ಅವರ ಕಡೆಗೇ ಈಜಿದೆ. ನಾಲೆಯಲ್ಲಿ ಎಂದೂ ಮಾಡದ ತಪ್ಪು ಅದು. ಎಷ್ಟು ಕೈ ಬಡಿದರೂ ದಡ ಹತ್ತಿರ ಬರಲಿಲ್ಲ. ಉಸಿರು ಕಟ್ಟಿತು, ಉಪ್ಪುನೀರು ಬಾಯಿಗೆ ಹೋಯಿತು. ಬಲೆ ಒಣಗಿಸುತ್ತಿದ್ದ ಮೀನುಗಾರರೊಬ್ಬರು ಕೈಯನ್ನು ಅಡ್ಡಕ್ಕೆ ಬೀಸುತ್ತಾ "ಬದಿಗೆ ಬನ್ನಿ, ಬದಿಗೆ" ಎಂದು ಕೂಗಿದರು. ಬದಿಗೆ ತಿರುಗಿ ಇಪ್ಪತ್ತು ಮೂವತ್ತು ಕೈ ಹಾಕಿರಬೇಕು, ಒಂದು ಅಲೆ ನನ್ನನ್ನು ಎತ್ತಿ ದಡದ ಕಡೆ ತಳ್ಳಿತು.

ಸೆಳವಿಗೆ ಸಿಕ್ಕವರು ಸಾಮಾನ್ಯವಾಗಿ ಮುಳುಗುವುದು ಹೀಗೇ. ನೀರು ಕೆಳಕ್ಕೆ ಎಳೆಯುವುದರಿಂದಲ್ಲ, ದಡ ಕಂಡು ಎದುರು ಈಜಿ ಸುಸ್ತಾಗುವುದರಿಂದ.

ಹಾಗಾಗಿ ಕಾಲಿಗೆ ನೆಲ ಸಿಗದೆ, ದಡ ದೂರವಾಗುತ್ತಿದೆ ಎಂದು ಅನಿಸಿದರೆ ಮೊದಲು ಎದುರು ಈಜುವುದನ್ನು ನಿಲ್ಲಿಸಿ. ಅಂಗಾತ ಮಲಗಿ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರಿಂದ ನೀರು ಭಾರ, ಅದರಲ್ಲಿ ಬಾವಿ ನೀರಿಗಿಂತ ಸುಲಭವಾಗಿ ತೇಲಬಹುದು. ಒಂದು ಕೈ ಎತ್ತಿ ಬೀಸಿ, ಕೂಗಿ. ಈಜು ಬರುವವರು ದಡಕ್ಕೆ ಸಮನಾಗಿ, ಪಕ್ಕಕ್ಕೆ ಈಜಬೇಕು. ಗುರಿ ಯಾವುದು? ಬಿಳಿ ನೊರೆ ಇರುವ ಕಡೆ. ಅಲ್ಲಿ ದಿಣ್ಣೆ ಇದೆ, ಆಳ ಕಮ್ಮಿ, ಅಲೆಯೂ ದಡದ ಕಡೆಗೆ ತಳ್ಳುತ್ತದೆ. ಒಂದು ಬದಿಗೆ ಹೋಗಲು ಆಗದಿದ್ದರೆ ಇನ್ನೊಂದು ಬದಿ ನೋಡಿ. ಎರಡೂ ಆಗದಿದ್ದರೆ ಬರೀ ತೇಲುತ್ತಿರಿ. ಎಷ್ಟೋ ಸೆಳವುಗಳು ಹೊರಗೆ ಹೋಗಿ, ಬಳಸಿ, ಮತ್ತೆ ದಿಣ್ಣೆಯ ಮೇಲಕ್ಕೇ ತಂದುಬಿಡುತ್ತವೆ.

ದಡದಲ್ಲಿ ನಿಂತವರು

ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಗಳು ನಮಗೆ ಹೊಸದಲ್ಲ. ತಮ್ಮನಿಗಾಗಿ ಅಣ್ಣ, ಮಗನಿಗಾಗಿ ಅಪ್ಪ. ಕರುಳಿನ ಸಂಬಂಧ ಯೋಚಿಸಲು ಬಿಡುವುದಿಲ್ಲ. ಆದರೆ ಒಬ್ಬನನ್ನು ಒಯ್ದ ಸೆಳವು ಹಿಂದೆ ಹೋದವನನ್ನೂ ಒಯ್ಯುತ್ತದೆ. ಮುಳುಗುವವನು ಹತ್ತಿರ ಬಂದವನ ಹೆಗಲು ಹತ್ತುತ್ತಾನೆ, ಇಬ್ಬರೂ ಕೆಳಗೆ ಹೋಗುತ್ತಾರೆ.

ಕೈಗೆ ಸಿಕ್ಕಿದ ತೇಲುವ ವಸ್ತು ಎಸೆಯಿರಿ. ನಮ್ಮ ಟೆಂಪೊಗಳಲ್ಲಿ 20 ಲೀಟರಿನ ನೀರಿನ ಕ್ಯಾನ್ ಇದ್ದೇ ಇರುತ್ತದೆ. ಖಾಲಿ ಮಾಡಿ ಮುಚ್ಚಳ ಬಿಗಿ ಮಾಡಿದರೆ ಅದು ಒಬ್ಬ ಮನುಷ್ಯನ ತಲೆಯನ್ನು ನೀರಿನ ಮೇಲೆ ಇಡಬಲ್ಲದು. ನಮ್ಮ ಹಿರಿಯರು ಬೆಂಡು ಕಟ್ಟಿಕೊಂಡು ಬಾವಿಗೆ ಇಳಿಯುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಹಗ್ಗ ಇದ್ದರೆ ಕಟ್ಟಿ ಎಸೆಯಿರಿ. ಒಬ್ಬರು ಜೀವರಕ್ಷಕರನ್ನು, ಮೀನುಗಾರರನ್ನು ಕೂಗಿ ಕರೆಯಲಿ, ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮುಳುಗುತ್ತಿರುವವನ ಮೇಲಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತಾ ನಿಲ್ಲಲಿ.

ಮುಳುಗುವವರು ಕೂಗುತ್ತಾರೆ ಎಂದು ಕಾಯಬೇಡಿ. ಉಸಿರು ತೆಗೆದುಕೊಳ್ಳಲೇ ಆಗದವನಿಗೆ ಕೂಗಲು ಗಾಳಿ ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿ ಇರುತ್ತದೆ, ಕೈಗಳು ಎರಡೂ ಪಕ್ಕ ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ಆಟ ಆಡುವ ಹಾಗೇ ಕಾಣುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಪಕ್ಕದಲ್ಲಿದ್ದ ಮಗು ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿದರೆ ತಿರುಗಿ ನೋಡಿ.

ಮೇಲೆ ತಂದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ತಲೆ ಮೇಲೆ ಹೊತ್ತು ಗಿರಗಿರ ತಿರುಗಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮೈಗೆಲ್ಲ ಉಪ್ಪು ಮುಚ್ಚಿದರೆ ಜೀವ ಬರುತ್ತದೆ ಎನ್ನುವ ಸಂದೇಶವೂ ಮೊಬೈಲಿನಲ್ಲಿ ಓಡಾಡುತ್ತದೆ. ಇವು ಯಾವುವೂ ಉಪಯೋಗವಿಲ್ಲ. ಅಮೂಲ್ಯವಾದ ನಿಮಿಷಗಳು ಹಾಳು, ಹೊಟ್ಟೆಯ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ. ಉಸಿರಾಟ ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಉಸಿರು ಊದಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ದೊಡ್ಡವರಾದರೆ ಸುಮಾರು 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಒತ್ತು, 2 ಉಸಿರು, ಹೀಗೆ 108 ಆಂಬುಲೆನ್ಸ್ ಬರುವವರೆಗೆ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ನಂತರವೂ ತೊಂದರೆ ಕೊಡಬಹುದು.

ಅಮಾವಾಸ್ಯೆಯ ಸ್ನಾನ

ನಮ್ಮ ಕಡೆಯಿಂದ ಅಮಾವಾಸ್ಯೆಗೆ ಸಮುದ್ರಸ್ನಾನಕ್ಕೆ ಹೋಗುವವರಿದ್ದಾರೆ. ಅವರಿಗೆ ಉಬ್ಬರ, ಇಳಿತ ತಿಳಿದಿದ್ದರೆ ಒಳ್ಳೆಯದು. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ನಮ್ಮ ಕರಾವಳಿಯಲ್ಲಿ ದಿನಕ್ಕೆ ಸುಮಾರು ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಹತ್ತು ಗಂಟೆಗೆ ಮೊಣಕಾಲಷ್ಟಿದ್ದ ನೀರು ಇಂದು ಅದೇ ಹೊತ್ತಿಗೆ ಅಷ್ಟೇ ಇರುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಇಬ್ಬರ ಸೆಳೆತ ಸೇರುವುದರಿಂದ ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ನೀರು ಇಳಿದಾಗ ಸಮುದ್ರ ಸೋತಂತೆ ಕಾಣುತ್ತದೆ, ಜನ ಇನ್ನೂ ಒಳಗೆ ಹೋಗುತ್ತಾರೆ. ಆದರೆ ಆಗ ಮರಳಿನ ದಿಣ್ಣೆಯ ಮೇಲೆ ನೀರು ತೆಳುವಾಗಿ, ವಾಪಸ್ ಹೋಗುವ ನೀರೆಲ್ಲ ಸಂದಿಗೇ ಸೇರುತ್ತದೆ. ಅದಕ್ಕೇ ಬಹಳಷ್ಟು ಕಡೆ ಇಳಿತದ ಹೊತ್ತಿನಲ್ಲಿ ಸೆಳವು ಜೋರು.

ಗಾಳಿಯಿಲ್ಲದ ದಿನವೂ ದೊಡ್ಡ ಅಲೆ

ಕೆರೆಯಲ್ಲಿ ಗಾಳಿ ನಿಂತರೆ ಅಲೆ ನಿಲ್ಲುತ್ತದೆ. ಸಮುದ್ರದಲ್ಲಿ ಹಾಗಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬರುತ್ತದೆ. ಇಲ್ಲಿ ಮೋಡವಿಲ್ಲ, ಗಾಳಿಯಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು ಕಳ್ಳಕಡಲ್, ಕಳ್ಳನ ಹಾಗೆ ಬರುವ ಕಡಲು. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಇಂಥ ಅಲೆಗಳ ಬಗ್ಗೆ ಆ ದಿನಗಳಲ್ಲಿ ಎಚ್ಚರಿಕೆ ಹೊರಬಿದ್ದಿತ್ತು.

ಆ ಎಚ್ಚರಿಕೆ ಕೊಡುವುದು ಹೈದರಾಬಾದಿನಲ್ಲಿರುವ ಇನ್ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಕರ್ನಾಟಕದ ಕರಾವಳಿಗೂ ಅಲೆಯ ಎತ್ತರದ ಮುನ್ಸೂಚನೆ ಅಲ್ಲಿಂದ ಬರುತ್ತದೆ. ಹೊರಡುವ ಹಿಂದಿನ ದಿನ ಹವಾಮಾನ ನೋಡುವಾಗ ಅದನ್ನೂ ನೋಡಿ. ಮಳೆ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು.

ಮಳೆಗಾಲದ ಮಾತು ಹೆಚ್ಚು ಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನಿನ ಸಂತಾನ ಬೆಳೆಯಲಿ ಎಂಬುದು ಮುಖ್ಯ ಕಾರಣ, ಕಡಲಿನ ಅಬ್ಬರವೂ ಜೊತೆಗಿದೆ. ಸಮುದ್ರದ ಮೇಲೇ ಬದುಕುವವರು ದೋಣಿ ದಡಕ್ಕೆ ಎಳೆದು ಕೂತಿರುವಾಗ ನಾವು ಇಳಿಯುವುದು ಬೇಡ.

ಬಾವುಟ ಮತ್ತು ಒಂದು ಪ್ರಶ್ನೆ

ಕೆಂಪು ಬಾವುಟ ಒಂದೇ ಇದ್ದರೆ ನೀರಿಗೆ ಇಳಿಯಬಾರದು. ಕೆಂಪು ಹಳದಿ ಎರಡೂ ಬಣ್ಣದ ಬಾವುಟಗಳು ಎರಡು ಕಡೆ ನೆಟ್ಟಿದ್ದರೆ, ಅವುಗಳ ನಡುವಿನ ಜಾಗವನ್ನು ಜೀವರಕ್ಷಕರು ಕಾಯುತ್ತಿದ್ದಾರೆ ಎಂದು ಅರ್ಥ. ಅಲ್ಲೇ ಆಡಿ, ಆಚೆ ಹೋಗಬೇಡಿ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಮತ್ತು ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಜೀವರಕ್ಷಕರು ಇರಬೇಕು ಎಂಬುದು ಆ ಮಾನ್ಯತೆಯ ಷರತ್ತುಗಳಲ್ಲಿ ಒಂದು. ಮಕ್ಕಳಿರುವ ಗುಂಪಿಗೆ ಅಂಥ ಬೀಚು ಆರಿಸಿಕೊಳ್ಳುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ. ಕುಡಿದವರು ಎಲ್ಲಿಯೂ ಇಳಿಯಬಾರದು.

ಬಾವುಟವೂ ಇಲ್ಲ, ಜೀವರಕ್ಷಕರೂ ಇಲ್ಲದ ದಂಡೆಗಳೇ ನಮ್ಮಲ್ಲಿ ಜಾಸ್ತಿ. ಆದರೆ ಬೆಳಗಿನ ಹೊತ್ತು ಬಲೆ ಸರಿಮಾಡುತ್ತಾ ಕೂತವರು ಒಬ್ಬರಾದರೂ ಸಿಗುತ್ತಾರೆ. ಮಕ್ಕಳು ಚಪ್ಪಲಿ ಬಿಚ್ಚುವ ಮೊದಲೇ ಅವರ ಹತ್ತಿರ ಹೋಗಿ "ಅಣ್ಣಾ, ಇವತ್ತು ಎಲ್ಲಿ ಎಳೀತಿದೆ?" ಎಂದು ಕೇಳಿ. ಅವರು ಕೂತಲ್ಲಿಂದಲೇ ಕೈ ತೋರಿಸಿ ಹೇಳುತ್ತಾರೆ.